ಇಪ್ಪತ್ತಕ್ಕೆ ಏಳು

ಆ ದಿನ ದಿನಚರಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: "ನಾನು ಹೀಗೇ ಉಳಿದುಬಿಡುತ್ತೇನೇನೋ." ಬರೆದ ಮೇಲೆ ಯಾರಾದರೂ ನೋಡಿಯಾರೆಂದು ಪುಟದ ಮೇಲೆ ಅಂಗೈ ಮುಚ್ಚಿದಳು. ಊಟದ ಬಿಡುವಿನ ಹೊತ್ತು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಎರಡು ಕಬ್ಬಿಣದ ಬೀರು, ಒಂದು ನೀರಿನ ಹೂಜಿ.

ಅದು ಜನರ ವ್ಯಕ್ತಿತ್ವ ಅಳೆಯುವ ಸಂಸ್ಥೆ. ಕೆಲಸಕ್ಕೆ ಜನ ಬೇಕಾದವರು ಅಭ್ಯರ್ಥಿಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಬಂದವರು ಒಂದು ಪುಸ್ತಿಕೆಯ ಹೇಳಿಕೆಗಳನ್ನು ಓದಿ, ಉತ್ತರದ ಹಾಳೆಯಲ್ಲಿ 'ಹೌದು' ಅಥವಾ 'ಇಲ್ಲ' ಎಂಬಲ್ಲಿ ಗುರುತು ಹಾಕಬೇಕು. ಆ ಹಾಳೆಯ ಮೇಲೆ, ಅಂಕ ಸಿಗುವ ಉತ್ತರಗಳಿರುವಲ್ಲಿ ಮಾತ್ರ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನಿಟ್ಟು, ತೂತುಗಳಲ್ಲಿ ಕಂಡಷ್ಟು ಗುರುತುಗಳನ್ನು ಎಣಿಸುವುದು ಅವಳ ಕೆಲಸ. ಬಾಯಿ ಬಿಡಬೇಕಾಗಿಲ್ಲದ ಕೆಲಸ. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ ಇಲ್ಲಿಗೆ ಬಂದು ಸೇರಿದ್ದೇ ಅದಕ್ಕೆ. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಕಟ್ಟಡದವರೆಲ್ಲ ಅವಳನ್ನು ಪೆನ್ಸಿಲಮ್ಮ ಎನ್ನುತ್ತಿದ್ದರು. ಆ ಬೆಳಿಗ್ಗೆ ಅವಳು ಕದ್ದು ತಾನೇ ಒಂದು ಹಾಳೆ ತುಂಬಿಸಿದ್ದಳು. ಬೆರೆಯುವ ಗುಣದಲ್ಲಿ ಇಪ್ಪತ್ತಕ್ಕೆ ಮೂರು ಬಂದಿತ್ತು. ಆ ಮೂರಾದರೂ ಎಲ್ಲಿಂದ ಬಂತೋ ಎಂದು ಅವಳಿಗೇ ಆಶ್ಚರ್ಯ.

ಹಾಗೆ ನೋಡಿದರೆ, ಕಾಲೇಜಿನಲ್ಲಿ ಓದಿದ ಸಿದ್ಧಾಂತಗಳೆಲ್ಲ ಅವಳ ಮನೆಯಲ್ಲೇ ಕಾಲು ಚಾಚಿ ಕೂತಿದ್ದವು. ಸ್ವಭಾವವೆನ್ನುವುದು ರಕ್ತದಲ್ಲೇ ಬರುತ್ತದೆ, ಆಮೇಲೆ ಅಷ್ಟಾಗಿ ಬದಲಾಗುವುದಿಲ್ಲ ಎನ್ನುವುದು ಒಂದು ಪಂಥ. ತಾಯಿಯ ತಾಯಿ ಪುಸ್ತಕ ಮುಟ್ಟದೆಯೇ ಆ ಪಂಥಕ್ಕೆ ಸೇರಿದ್ದರು. "ಇವಳಪ್ಪನ ಕಡೆಯವರೆಲ್ಲ ಹೀಗೇ. ಮದುವೆ ಮಾತುಕತೆಗೆ ಅಂತ ಬಂದು ಮೂರು ಗಂಟೆ ಗೋಡೆ ನೋಡಿ ಎದ್ದು ಹೋದ್ರು."

"ನೀವು ಒಂದು ನಿಮಿಷ ಜಾಗ ಬಿಟ್ಟಿದ್ರೆ ಮಾತಾಡ್ತಿದ್ರು ಅತ್ತೆ," ಎನ್ನುತ್ತಿದ್ದರು ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ.

ಎಳೆತನದ ಗಾಯ ಮನಸ್ಸಿನ ತಳದಲ್ಲಿ ಕೂತು ಬದುಕಿಡೀ ಸೂತ್ರ ಎಳೆಯುತ್ತದೆ ಎನ್ನುವುದು ಇನ್ನೊಂದು ಪಂಥ. ಅದು ಅಮ್ಮನದು. "ಮೂರು ವರ್ಷದಲ್ಲಿ ಮಗು ಬಟ್ಟೆ ಬೀರು ಒಳಗೆ ಸಿಕ್ಕಿಹಾಕ್ಕೊಂಡಿತ್ತು. ಅವತ್ತು ಹೋದ ಬಾಯಿ ಇವತ್ತಿಗೂ ಬಂದಿಲ್ಲ." ಚಿಕ್ಕಮ್ಮ ಇದನ್ನು ಒಪ್ಪುತ್ತಿರಲಿಲ್ಲ. "ಬೀರೂನೂ ಇಲ್ಲ ಏನೂ ಇಲ್ಲ ಅಕ್ಕ. ಅವಳು ಮಾತಾಡಿದಾಗೆಲ್ಲ ನೀವು ನಕ್ರಿ, ಸುಮ್ನಿದ್ದಾಗೆಲ್ಲ ಜಾಣೆ ಅಂದ್ರಿ. ಇನ್ನೇನು ಕಲೀತಾಳೆ?" ಹೊಗಳಿಕೆಯೂ ನಗೆಯೂ ಸೇರಿ ಮನುಷ್ಯನನ್ನು ತಿದ್ದುತ್ತವೆ ಎಂಬ ಆ ಅಧ್ಯಾಯಕ್ಕೆ ಅವಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಿದ್ದಳು. ಮನುಷ್ಯ ತಾನು ಆರಿಸಿಕೊಂಡದ್ದನ್ನು ಮಾಡುತ್ತಾ ಮಾಡುತ್ತಾ ಬೆಳೆಯುತ್ತಾನೆ ಎನ್ನುವ ನಾಲ್ಕನೆಯ ಪಂಥವೂ ಇತ್ತು. ಅದರ ಪರ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಇಷ್ಟವಾದದ್ದು ಅದೇ, ಆದರೆ ಬೇರೆ ಯಾರಿಗೋ ಬರೆದದ್ದು ಅನ್ನಿಸುತ್ತಿತ್ತು.

ಮಧ್ಯಾಹ್ನ ಎಣಿಸಬೇಕಾಗಿದ್ದದ್ದು ಎದುರು ರಸ್ತೆಯ ಆಸ್ಪತ್ರೆಯ ಹಾಳೆಗಳು. ತುರ್ತು ದೂರವಾಣಿಯ ಮುಂದೆ ಕೂರಲು ನಾಲ್ಕು ಜನ ಬೇಕಿತ್ತು, ನಲವತ್ತು ಜನ ಪರೀಕ್ಷೆ ಬರೆದಿದ್ದರು. ಅವರಲ್ಲಿ ಒಬ್ಬಳು ಇದೇ ಕಟ್ಟಡದ ಲಿಫ್ಟಕ್ಕ. ಹದಿನಾರು ವರ್ಷದಿಂದ ಲಿಫ್ಟಿನ ಸ್ಟೂಲಿನ ಮೇಲೆ ಕೂತು ಜನರನ್ನು ಮೇಲೆ ಕೆಳಗೆ ಸಾಗಿಸಿದವಳು. ತಿಂಗಳ ಕೊನೆಗೆ ಹೊಸ ಲಿಫ್ಟ್ ಬರುತ್ತದೆ, ಅದಕ್ಕೆ ಅಕ್ಕ ಬೇಕಾಗಿಲ್ಲ. ಹಿಂದಿನ ವರ್ಷ ಏಳು ಜನರ ಸಮೇತ ಲಿಫ್ಟ್ ಕೆಟ್ಟು ನಿಂತಾಗ, ಒಂದೂವರೆ ಗಂಟೆ ಕತ್ತಲೆಯಲ್ಲಿ ಎಲ್ಲರನ್ನೂ ಸಮಾಧಾನವಾಗಿ ಕೂರಿಸಿದವಳು ಇವಳೇ. "ಗಾಬರಿ ಬೇಡ, ಮೇಲೆ ಹೋಗಕ್ಕೆ ನಮ್ಗೆ ಯಾರಿಗೂ ಇನ್ನೂ ಟೈಮ್ ಆಗಿಲ್ಲ," ಎಂದಿದ್ದಳಂತೆ.

ಬೆಳಿಗ್ಗೆ ಲಿಫ್ಟಿನಲ್ಲಿ ಅಕ್ಕ ಕೇಳಿದ್ದಳು: "ನಾನು ಪಾಸಾ, ಪೆನ್ಸಿಲಮ್ಮ?"

"ಹೇಳೋ ಹಾಗಿಲ್ಲ ಅಕ್ಕ."

"ನೀನು ಯಾವತ್ತು ಏನು ಹೇಳಿದ್ದೀಯ ಬಿಡು. ನಾಕು ವರ್ಷ ಆಯ್ತು, ಎಷ್ಟನೇ ಮಹಡಿ ಅಂತಾನೂ ಬೆರಳಲ್ಲೇ ತೋರಿಸ್ತೀಯ."

ಎಲ್ಲರದ್ದೂ ಮುಗಿದು ಕೊನೆಗೆ ಅಕ್ಕನ ಹಾಳೆ ಕೈಗೆ ಬಂತು. ಸ್ಥೈರ್ಯದ ಪುಟದ ಮೇಲೆ ತೂತಿನ ಹಾಳೆ ಇಟ್ಟು ಎಣಿಸಿದಳು. ಇಪ್ಪತ್ತಕ್ಕೆ ಏಳು. ಮತ್ತೆ ಎಣಿಸಿದಳು, ಏಳೇ. ಪಟ್ಟಿಯಲ್ಲಿ ಹಾಗೆಯೇ ಬರೆದಳು. ಏಳು ಬಂದವರ ಹೆಸರಿನ ಮುಂದೆ 'ಬೇಗ ಕಂಗೆಡುವ ಸ್ವಭಾವ, ತುರ್ತು ಕೆಲಸಕ್ಕೆ ಸಲ್ಲದು' ಎಂಬ ಮುದ್ರೆ ಒತ್ತಬೇಕು. ಮುದ್ರೆ ಕೈಯಲ್ಲೇ ಉಳಿಯಿತು. ಪಟ್ಟಿಯಲ್ಲಿ ಹದಿನೇಳು ಪಡೆದು ಮೊದಲ ಸ್ಥಾನದಲ್ಲಿದ್ದವನು ಪರೀಕ್ಷೆಯ ದಿನ ಬಾಗಿಲು ಧಡ್ ಎಂದದ್ದಕ್ಕೆ ಕುರ್ಚಿ ಸಮೇತ ಹಾರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ತೂತಿನ ಹಾಳೆಯನ್ನು ಪಕ್ಕಕ್ಕಿಟ್ಟು, ಪುಸ್ತಿಕೆ ತೆರೆದು, ಅಕ್ಕನ ಉತ್ತರಗಳನ್ನು ಒಂದೊಂದಾಗಿ ಓದಿದಳು. 'ಸಣ್ಣ ಸದ್ದಿಗೂ ಬೆಚ್ಚುತ್ತೇನೆ' ಎಂಬುದಕ್ಕೆ ಅಕ್ಕ 'ಇಲ್ಲ' ಎಂದಿದ್ದಳು. 'ಅಪಾಯದಲ್ಲಿ ನನ್ನ ತಲೆ ತಣ್ಣಗಿರುತ್ತದೆ' ಎಂಬುದಕ್ಕೆ 'ಹೌದು'. ಜನ ಕಣ್ಣು ಮುಚ್ಚಿ ಒಂದೇ ಕಡೆ ಗುರುತು ಹಾಕದಿರಲೆಂದು ಆ ಪುಟದಲ್ಲಿ ಧೈರ್ಯದ ಹೇಳಿಕೆಯ ಬೆನ್ನಿಗೆ ಅಂಜಿಕೆಯ ಹೇಳಿಕೆ, ಅದರ ಬೆನ್ನಿಗೆ ಮತ್ತೆ ಧೈರ್ಯದ್ದು, ಹೀಗೆ ಜೋಡಿಸಿರುತ್ತಾರೆ. ಆರರವರೆಗೆ ಎಲ್ಲ ಸರಿಯಿತ್ತು. ಏಳಕ್ಕೆ ಬಂದಾಗ ತೂತಿನ ಹಾಳೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

ಎರಡು ತಿಂಗಳ ಹಿಂದೆ ಪುಸ್ತಿಕೆಯ ಹೊಸ ಮುದ್ರಣದ ಕರಡು ತಿದ್ದಿದವಳು ಅವಳೇ. ಏಳನೆಯ ಹೇಳಿಕೆ ಮೊದಲೇ ಬಂದಿದೆಯಲ್ಲ ಎಂದು ಅದನ್ನು ಹೊಡೆದುಹಾಕಿ, ಕೆಳಗಿನವನ್ನೆಲ್ಲ ಒಂದೊಂದು ಸಾಲು ಮೇಲೆ ತಂದು, ಕೊನೆಗೆ ಹೊಸದೊಂದನ್ನು ಸೇರಿಸಿದ್ದಳು. ತೂತಿನ ಹಾಳೆಯನ್ನು ಮಾತ್ರ ಬದಲಿಸಿರಲಿಲ್ಲ. ಅಲ್ಲಿಂದ ಕೆಳಗೆ ಹದಿನಾಲ್ಕು ಸಾಲೂ ತಲೆಕೆಳಗು. ಧೈರ್ಯಕ್ಕೆ ಸೊನ್ನೆ, ಅಂಜಿಕೆಗೆ ಅಂಕ. ಹಳೆಯ ಪುಸ್ತಿಕೆಗಳು ಮುಗಿದು ಹೊಸವನ್ನು ಬಿಚ್ಚಿದ್ದು ಇದೇ ಪರೀಕ್ಷೆಗೆ.

ನಿರ್ದೇಶಕರ ಕೋಣೆಯ ಬಾಗಿಲಿಗೆ ಮೂರು ಸಲ ಹೋದಳು. ಒಮ್ಮೆ ಅವರು ಫೋನಿನಲ್ಲಿದ್ದರು. ಇನ್ನೊಮ್ಮೆ, "ಏನಮ್ಮ?" ಎಂದರು, ಅವಳು "ಏನಿಲ್ಲ ಸರ್," ಎಂದುಬಿಟ್ಟಳು. ಮೂರನೆಯ ಸಲ ಅವರು ಆ ತಪ್ಪು ಅಂಕಗಳ ಪಟ್ಟಿಯನ್ನೇ ತೆಗೆದುಕೊಂಡು ಹೊರಟುಹೋಗಿದ್ದರು. ಬಾಯಿ ಮಾಡದ ಕೆಲಸವನ್ನು ಕೈ ಮಾಡಿತು. ಹೊಸ ಪ್ಲಾಸ್ಟಿಕ್ ಹಾಳೆ ತೆಗೆದು, ಅಳತೆ ಗುರುತಿಸಿ, ತೂತು ಕೊರೆದು, ನಲವತ್ತನ್ನೂ ಮತ್ತೆ ಎಣಿಸಿದಳು. ಕುರ್ಚಿ ಸಮೇತ ಹಾರಿದವನಿಗೆ ಐದು. ಲಿಫ್ಟಕ್ಕನಿಗೆ ಹತ್ತೊಂಬತ್ತು.

ಮರುದಿನ ಹನ್ನೊಂದಕ್ಕೆ ಆಸ್ಪತ್ರೆಯ ಮೇಟ್ರನ್ ಬಂದರು, ಜೊತೆಗೆ ಒಬ್ಬ ಆಡಳಿತಾಧಿಕಾರಿ. ಎಲ್ಲರೂ ಉದ್ದ ಮೇಜಿನ ಸುತ್ತ ಕೂತರು. ಕಾಗದ ಒದಗಿಸಲು ಅವಳು ಗೋಡೆ ಪಕ್ಕ ನಿಂತಳು. ಚೀಟಿ ಬರೆದೇ ತಂದಿದ್ದಳು: 'ಸರ್, ಸ್ಥೈರ್ಯದ ಅಂಕಗಳೆಲ್ಲ ತಪ್ಪು. ತೂತಿನ ಹಾಳೆ ಹಳೆಯದು. ದಯವಿಟ್ಟು ಸಹಿ ಮಾಡಿಸಬೇಡಿ.' ನಿರ್ದೇಶಕರು ಮೇಜಿನ ಕೆಳಗೆ ಅದನ್ನು ಓದಿದರು. ಮುಖ ಬಿಳಿಚಿತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿ, "ಆಮೇಲೆ ನೋಡೋಣಮ್ಮ," ಎಂದು ಪಿಸುಗುಟ್ಟಿದರು. ಕೆಟ್ಟವರಲ್ಲ. ಇಪ್ಪತ್ತು ವರ್ಷ ಕಟ್ಟಿದ ಸಂಸ್ಥೆಯ ಹೆಸರು ಕಣ್ಣೆದುರು ಜಾರುವುದನ್ನು ಕಂಡ ಮನುಷ್ಯ.

ಮೇಟ್ರನ್ ಪಟ್ಟಿಯ ಮೇಲೆ ಕಣ್ಣಾಡಿಸಿ ಪೆನ್ನಿನ ಮುಚ್ಚಳ ತೆಗೆದರು.

ಅವಳ ಕಾಲು ಅವಳನ್ನು ಕೇಳದೆ ನಡೆದವು. ಪೆನ್ನಿನ ತುದಿಗೂ ಪಟ್ಟಿಗೂ ನಡುವೆ ಅಕ್ಕನ ಉತ್ತರದ ಹಾಳೆ ಬಂತು, ಅದರ ಮೇಲೆ ಹೊಸ ತೂತಿನ ಹಾಳೆ, ಪಕ್ಕದಲ್ಲಿ ತೆರೆದ ಪುಸ್ತಿಕೆ. ಮೇಟ್ರನ್ ಕನ್ನಡಕದ ಮೇಲಿಂದ ನೋಡಿದರು. ಅವಳು ಪೆನ್ಸಿಲಿನಿಂದ ಮೊದಲ ತೂತನ್ನು ತೋರಿಸಿದಳು.

"ಎಣಿಸ್ಬೇಕಾ?" ಎಂದರು ಮೇಟ್ರನ್. ಅವಳು ತಲೆಯಾಡಿಸಿದಳು.

ನರ್ಸುಗಳಿಗೆ ಮಾತ್ರೆ ಎಣಿಸುವುದನ್ನು ಕಲಿಸಿದ ಹೆಂಗಸು ಗಟ್ಟಿಯಾಗಿಯೇ ಎಣಿಸಿದರು. ಒಂಬತ್ತಕ್ಕೆ ಆಡಳಿತಾಧಿಕಾರಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಹದಿನೈದಕ್ಕೆ ಮೇಟ್ರನ್ ದನಿ ಏರಿತು. "ಹದಿನೆಂಟು. ಹತ್ತೊಂಬತ್ತು. ಇಲ್ಲಿ ಏಳು ಅಂತ ಬರ್ದಿದ್ದೀರಲ್ರೀ. ಈಯಮ್ಮ ಯಾರು?"

"ನಮ್ಮ ಲಿಫ್ಟ್ ನಡೆಸೋರು," ಎಂದರು ನಿರ್ದೇಶಕರು.

"ಅಯ್ಯೋ, ಅವ್ಳಾ. ಮೇಲೆ ಬರೋವಾಗ ನನ್ನ ಬಿಪಿ ಎಷ್ಟಿದೆ ಅಂತ ಅವ್ಳೇ ವಿಚಾರಿಸಿದ್ಲು." ಮೇಟ್ರನ್ ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಇದು ಹೇಗಾಯ್ತು?"

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಪ್ರೆಸ್ಸಿನವರ ಎಡವಟ್ಟು ಮೇಡಂ. ಸಾಲು ಹಿಂದೆಮುಂದೆ ಮಾಡಿಬಿಟ್ಟಿದ್ದಾರೆ."

"ಪ್ರೆಸ್ಸಿನವರು ಒಂದು ಪುಟದಲ್ಲಿ ಮಾಡಿದ್ರೆ ಇನ್ನೆಷ್ಟು ಪುಟದಲ್ಲಿ ಮಾಡಿದ್ದಾರೋ ಯಾರಿಗೊತ್ತು," ಎಂದರು ಆಡಳಿತಾಧಿಕಾರಿ. "ಇದನ್ನೇ ನಂಬಕ್ಕಾಗಲ್ಲ ಅಂದ್ಮೇಲೆ ಹತ್ತೊಂಬತ್ತನ್ನೂ ನಂಬಕ್ಕಾಗಲ್ಲ. ಪೂರ್ತಿ ರದ್ದು ಮಾಡೋಣ ಮೇಡಂ. ಬೇರೆ ಏಜೆನ್ಸಿ ಕೈಲಿ ಹೊರಗಿಂದ ತಗೊಳ್ಳೋಣ."

ಮೇಟ್ರನ್ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ಹಾಕತೊಡಗಿದರು. ಹತ್ತೊಂಬತ್ತು ಅಂಕ ಅವಳ ಕಣ್ಣ ಮುಂದೆಯೇ ಸೊನ್ನೆಯಾಗುತ್ತಿತ್ತು. ಉಳಿದ ಪುಟಗಳೆಲ್ಲ ಸರಿಯಿವೆ ಎಂದು ಈ ಕೋಣೆಯಲ್ಲಿ ಎದೆ ಮುಟ್ಟಿ ಹೇಳಬಲ್ಲವರು ಒಬ್ಬರೇ, ಏಕೆಂದರೆ ಎಲ್ಲಿ ಕೈಹಾಕಿದ್ದು, ಎಲ್ಲಿ ಹಾಕಿಲ್ಲ ಎಂಬುದು ಗೊತ್ತಿದ್ದದ್ದು ಆ ಒಬ್ಬರಿಗೇ. ಅದನ್ನು ಚೀಟಿಯಲ್ಲಿ ಬರೆಯಲು ಹೊತ್ತಿರಲಿಲ್ಲ. ಪೆನ್ಸಿಲಿನಿಂದ ತೋರಿಸಲು ತೂತೂ ಇರಲಿಲ್ಲ.

ರಕ್ತವೋ ಬಟ್ಟೆ ಬೀರುವೋ ನಕ್ಕವರೋ, ಯಾರು ಅವಳನ್ನು ಹೀಗೆ ಮಾಡಿದರೆಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ತಲೆ ಎತ್ತಿ ಮೂವರನ್ನೂ ನೋಡಿದಳು. ದನಿ ಹೊರಟಿತು, ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿ, ಕೋಣೆಯ ಆಚೆ ತುದಿಯ ಗೋಡೆಗೆ ತಾಗಿ ತಿರುಗಿ ಬರುವಷ್ಟು ಸ್ಪಷ್ಟವಾಗಿ.

"ಪ್ರೆಸ್ಸಿನವರದ್ದಲ್ಲ ಮೇಡಂ. ಆ ಪುಟ ತಿದ್ದಿದ್ದು ನಾನು, ಬೇರೆ ಯಾವ ಪುಟನೂ ಮುಟ್ಟಿಲ್ಲ. ತಪ್ಪು ನಂದು."