ಸೀಸ ಎರೆದ ಹಂಚು

‘ಗೊತ್ತಿಲ್ಲ ಅನ್ನಲಿಕ್ಕೆ ನನಗೆ ಬಾಯೇ ಬರುವುದಿಲ್ಲ’ ಎಂದು ಶಿವಲೀಲಾ ಡೈರಿಯಲ್ಲಿ ಬರೆದುಕೊಂಡಿದ್ದಳು. ನಾಗಲದಿನ್ನೆಯ ಆ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಆಕೆಯೊಬ್ಬಳೇ. ಗ್ಯಾಸಿನ ಫಾರಂನಿಂದ ಹಿಡಿದು ಎಮ್ಮೆಯ ಔಷಧದವರೆಗೆ ಎಲ್ಲರೂ ಅವಳನ್ನೇ ಕೇಳುತ್ತಿದ್ದರು.

ಅಣ್ಣ ಹರೀಶ ಹಳೆ ಬ್ಯಾಟರಿಯ ಸೀಸ ಕರಗಿಸಿ, ಹೊಳೆಯಲ್ಲಿ ಮೀನು ಹಿಡಿಯುವವರಿಗೆ ಬಲೆ ಮುಳುಗಲು ಕಟ್ಟುವ ಗುಂಡು ಎರೆದು ಕೊಡುತ್ತಿದ್ದ. ಆ ಸಂಜೆ ಹಿತ್ತಲಲ್ಲಿ ಅವನ ಮುಂದೆ ಎರಡು ಅಚ್ಚುಗಳಿದ್ದವು. ಮಣ್ಣಿನದು ಬಿರುಕು ಬಿಟ್ಟಿತ್ತು, ಕಟ್ಟಿಗೆಯದು ಸುಟ್ಟು ಕರ್ರಗಾಗಿತ್ತು.

“ಕಬ್ಬಿಣದ್ದು ತರಿಸಬೇಕಂದ್ರ ಹದಿನೈದು ದಿನ ಬೇಕಂತ. ಏನ್ ಮಾಡೋದವ್ವಾ ಪಂಡಿತಮ್ಮ?” ಎಂದ.

ಶಿವಲೀಲಾ ಅಡಿಗೆಮನೆಯ ಕಡೆ ನೋಡಿದಳು. “ಪಡ್ಡಿನ ಹಂಚು ಐತಲ್ಲಣ್ಣ. ಕುಳಿ ಎಲ್ಲಾ ಒಂದೇ ಅಳತಿ.”

ಏಳಕ್ಕೆ ಏಳೂ ಗುಂಡು ನುಣ್ಣಗೆ ಬಂದವು. “ಡಿಗ್ರಿ ಓದಿಸಿದ್ದು ದಂಡ ಆಗಲಿಲ್ಲ ಬಿಡು,” ಎಂದು ತಾಯಿ ಉಚ್ಚಮ್ಮ ನಕ್ಕಳು. ಹಂಚಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಲೆಯ ಪಕ್ಕ ಕವುಚಿಟ್ಟಳು. ಅಂದಿನಿಂದ ಅದರಲ್ಲಿ ಸಂಜೆ ಗುಂಡು, ಮುಂಜಾನೆ ಪಡ್ಡು.

ನಾಲ್ಕು ತಿಂಗಳಾದ ಮೇಲೆ ಹರೀಶನ ಮಗಳು ಹರಿತಾ ಹೊಟ್ಟೆನೋವೆಂದು ಮುದುಡಿ ಮಲಗಿದಳು. ಮೂರು ವರ್ಷದ ಕೂಸು. ಬರುತ್ತಿದ್ದ ಮಾತೂ ಹಿಂದೆ ಬಿದ್ದಿತ್ತು. ಆದೋನಿಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು.

“ರಕ್ತದಾಗ ಸೀಸ ಐತಿ. ಇನ್ನೂ ಏರಿದ್ರ ಮಿದುಳಿಗೇ ಪೆಟ್ಟು. ಎಲ್ಲಿಂದ ಸೇರತೈತಿ? ಸರಿಗ್ಗಾ ಚೆಪ್ಪಂಡಿ, ಸರಿಯಾಗಿ ಹೇಳ್ರಿ. ಅದು ನಿಲ್ಲದಿದ್ರ ನನ್ನ ಔಷಧ ಏನೂ ಮಾಡಂಗಿಲ್ಲ.”

ಅಂದು ಬೆಳಿಗ್ಗೆಯೂ ಪಡ್ಡು ಮುರಿದು, ಊದಿ ಆರಿಸಿ, ಕೂಸಿನ ಬಾಯಿಗಿಟ್ಟವಳು ಶಿವಲೀಲಾಳೇ.

“ಸೀಸದ ಕೆಲಸ ಹಿತ್ತಲದಾಗ್ರಿ. ಕೂಸನ್ನ ಹತ್ರಾನೂ ಬಿಡಂಗಿಲ್ಲ,” ಎಂದ ಹರೀಶ.

“ಈಕಿ ಬಿಟ್ಟಿರತಾಳ ತಗೋ,” ಉಚ್ಚಮ್ಮ ಸೊಸೆ ಮಲ್ಲೇಶ್ವರಿಯ ಕಡೆ ಕೈ ತೋರಿಸಿದಳು. “ಫೋನ್ ಹಿಡದ್ರ ಈಕಿಗೆ ಕೂಸಿನ ಖಬರೇ ಇರಂಗಿಲ್ಲ. ಅಲ್ಲೇ ಮಣ್ಣು ತಿಂದೈತಿ ಅದು.”

ಮಲ್ಲೇಶ್ವರಿ ಮಗಳ ಪಾದಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಡಾಕ್ಟರಮ್ಮ, ಮಣ್ಣು ತಿನ್ನುತ್ತದೆ ಎಂದು ಬರೆದುಕೊಳ್ಳತೊಡಗಿದರು.

“ಮಣ್ಣಲ್ಲ, ಮೇಡಂ.”

ತನ್ನ ದನಿ ಇಷ್ಟು ಗಟ್ಟಿಯಿದೆಯೆಂದು ಶಿವಲೀಲಾಳಿಗೇ ಗೊತ್ತಿರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು.

“ಸೀಸ ಎರಿಯೋ ಹಂಚಿನ್ಯಾಗೇ ದಿನಾ ಪಡ್ಡು ಮಾಡ್ತೀವಿ. ಅತ್ತಿಗಿ ತಪ್ಪೇನಿಲ್ಲ. ಆ ಹಂಚು ತೋರಿಸಿದಾಕಿ ನಾನು.”