ನಿನ್ನೆ ತಾನೇ ಔಷಧಿ ಹೊಡೆದ ತೋಟ

ಹೊಲಿಗೆ ಯಂತ್ರವನ್ನು ಹಿತ್ತಿಲ ಬಾಗಿಲಿಗೆ ಅಡ್ಡ ತಳ್ಳಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಅದೂ ಸಾಲದೆಂದು ಮೂರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಟೇಲರಮ್ಮ ಮಗಳ ಕಣ್ಣಿಗೆ ಬಿದ್ದರು.

"ಅಮ್ಮ, ಏನ್ಮಾಡ್ತಿದೀಯ?"

"ಜಾಗ ಮಾಡ್ತಿದೀನಿ. ಜನ ಬರ್ತಾರೆ, ಕೂತ್ಕೊಳ್ಳೋದು ಬೇಡ್ವಾ?"

"ಅವರು ಕೂತ್ಕೊಳ್ಳೋ ಕುರ್ಚಿನೇ ಬಾಗಿಲಿಗೆ ಪೇರಿಸ್ತಿದೀಯಲ್ಲ."

ಟೇಲರಮ್ಮ ಮೂರನೆಯ ಕುರ್ಚಿಯನ್ನೂ ಎತ್ತಿಟ್ಟರು. ಮಗಳು ದನಿ ತಗ್ಗಿಸಿದಳು. "ಇವತ್ತೂ ಅದೇನಾ? ಇವತ್ತಾದ್ರೂ ಬಿಟ್ಬಿಡು ಅಮ್ಮ."

"ಇವತ್ತೇ ಬಿಡೋಕಾಗಲ್ಲ. ಹನ್ನೊಂದು ಗಂಟೆಗೆ ವ್ಯಾನ್ ಬರುತ್ತೆ. ಅಲ್ಲೀವರೆಗೆ ಈ ಬಾಗಿಲು ತೆಗೀಬಾರದು."

ನಡುಮನೆಯಲ್ಲಿ ಟೇಲರ್ ಮಲಗಿದ್ದರು. ಹಿಂದಿನ ದಿನ ಊಟ ಮುಗಿಸಿ, ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯಲು ಕೂತವರು, ಕಾಲು ಪೆಡಲಿನ ಮೇಲಿದ್ದಂತೆಯೇ ತಲೆ ವಾಲಿಸಿ ಹೋಗಿಬಿಟ್ಟಿದ್ದರು. ಅರವತ್ತೊಂಬತ್ತು ವರ್ಷ. ಒಂದು ಕಾಲಿನ ಅಂಚು ಮುಗಿದಿತ್ತು, ಇನ್ನೊಂದು ಸೂಜಿಯ ಕೆಳಗೇ ಸಿಕ್ಕಿಕೊಂಡಿತ್ತು. ಆ ಪ್ಯಾಂಟಿನ ಯಜಮಾನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಲೆ ತಗ್ಗಿಸಿ ನಿಂತು, ಹೋಗುವ ಮುನ್ನ ಯಂತ್ರದ ಕಡೆ ಒಮ್ಮೆ ನೋಡಿ, ಕೇಳಲು ಬಾಯಿ ಬಾರದೆ ಬೀದಿಯಲ್ಲೇ ಅಡ್ಡಾಡುತ್ತಿದ್ದ.

ಒಂಬತ್ತೂವರೆಗೆ ನರ್ಸಕ್ಕ ಬಂದರು. ಅವರು ಆಸ್ಪತ್ರೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಎದುರಿಗಿದ್ದವರನ್ನೆಲ್ಲ ಈಗಲೂ ರೋಗಿಗಳೆಂದೇ ತಿಳಿದು ಮಾತಾಡುತ್ತಿದ್ದರು. ಬಡಾವಣೆಯ 'ಇಂದಿನ ಹೂವು' ಎಂಬ ಫೋನಿನ ಗುಂಪಿಗೆ ಅವರೇ ಯಜಮಾನಿ. ದಿನಾ ಬೆಳಿಗ್ಗೆ ಏಳಕ್ಕೆ ತಂತಮ್ಮ ಪಾತಿಯಲ್ಲಿ ಅರಳಿದ್ದನ್ನು ಫೋಟೋ ತೆಗೆದು ಹಾಕುವುದು, ಉಳಿದವರು ಬಾಯಿತುಂಬ ಹೊಗಳಿ ಹೊಟ್ಟೆಯೊಳಗೆ ಉರಿದುಕೊಳ್ಳುವುದು, ಇಷ್ಟೇ ಆ ಗುಂಪಿನ ಕೆಲಸ. ಈಗ ಹತ್ತು ಹನ್ನೆರಡು ಮಂದಿ ಅವರ ಹಿಂದೆ ಬಂದಿದ್ದರು. ನರ್ಸಕ್ಕನ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕತ್ತರಿ.

"ಟೇಲರಮ್ಮ, ನಾವೆಲ್ಲ ಸೇರಿ ತೀರ್ಮಾನ ಮಾಡಿದೀವಿ. ಅವರ ಮೈಮೇಲೆ ಅಂಗಡಿ ಹೂವು ಬೀಳಬಾರದು. ಅವರು ಕೈಯಾರೆ ಬೆಳೆಸಿದ್ದನ್ನೇ ಹಾಕೋಣ. ಎಲ್ಲಿ, ಹಿತ್ತಿಲ ಬಾಗಿಲು ತೆಗೀರಿ."

"ಬೇಡ ನರ್ಸಕ್ಕ. ಔಷಧಿ ಹೊಡೆದಿದಾರೆ."

"ಯಾವಾಗ?"

"ನಿನ್ನೆ."

"ನಿನ್ನೆ ಅವರು ತೀರ್ಕೊಂಡ್ರಲ್ಲ."

"ಅದಕ್ಕೆ ಸ್ವಲ್ಪ ಮುಂಚೆ."

ಏಳು ವರ್ಷಗಳಿಂದ ಆ ತೋಟಕ್ಕೆ ಔಷಧಿ ಹೊಡೆದದ್ದು ಯಾವಾಗಲೂ ನಿನ್ನೆಯೇ. ನೋಡಲು ಬಂದವರನ್ನು ಟೇಲರ್ ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಿಸಿ, ಹದಿನೈದು ಅಡಿ ದೂರದಿಂದ ತೋರಿಸಿ, "ಹತ್ತಿರ ಹೋಗಬೇಡಿ, ನಿನ್ನೆ ತಾನೇ ಔಷಧಿ ಹೊಡೆದಿದೀನಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಏಕೆಂದರೆ ಆ ಹಿತ್ತಿಲಲ್ಲಿ ಜೀವವಿರುವ ಹೂವು ಒಂದೂ ಇರಲಿಲ್ಲ. ಎಲ್ಲವೂ ಬಟ್ಟೆಯವು.

*

ಒಂದು ಕಾಲಕ್ಕೆ ನಿಜವಾದ ಹೂಗಳೇ ಇದ್ದವು. ಗುಲಾಬಿ, ಡೇರೆ, ಸೇವಂತಿಗೆ, ಗೋಡೆಯುದ್ದಕ್ಕೂ ದಾಸವಾಳ. ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಮೊದಲ ಅಂತಸ್ತಿಗೆ ಬೆಳಗಿನ ಬಿಸಿಲು ಹೋಯಿತು, ಎರಡನೆಯದಕ್ಕೆ ಮಧ್ಯಾಹ್ನದ್ದು, ಮೂರನೆಯದಕ್ಕೆ ಗಿಡಗಳೇ ಹೋದವು. ದಾಸವಾಳ ಕೊನೆಯವರೆಗೂ ಹೋರಾಡಿ ಒಣಕಲು ಕಡ್ಡಿಯಾಗಿ ನಿಂತಿತು.

ಹನ್ನೊಂದು ದಿನ ಟೇಲರ್ ಗುಂಪಿನಲ್ಲಿ ಏನೂ ಹಾಕಲಿಲ್ಲ. ಹನ್ನೆರಡನೆಯ ದಿನ, ಯಾರದೋ ಕೆಂಪು ಬಟ್ಟೆಯ ಚೂರಿನಿಂದ ಐದು ಎಸಳು ಕತ್ತರಿಸಿ, ಹಳದಿ ದಾರ ಹೊಸೆದು ನಡುವೆ ನಿಲ್ಲಿಸಿ, ಆ ಒಣಕಲು ಕಡ್ಡಿಗೆ ಕಟ್ಟಿದರು. ತಮಾಷೆಗೆ ಫೋಟೋ ಕಳಿಸಿದರು. 'ಇದು ಬಟ್ಟೆಯದು' ಎಂದು ಬರೆಯಲು ಕನ್ನಡಕ ಹುಡುಕಿ ತರುವಷ್ಟರಲ್ಲಿ ಹತ್ತೊಂಬತ್ತು ಜನ ಹೊಗಳಿಬಿಟ್ಟಿದ್ದರು. 'ಇಂಥ ದಾಸವಾಳವನ್ನು ನನ್ನ ಮೂವತ್ತು ವರ್ಷದ ಅನುಭವದಲ್ಲಿ ಕಂಡಿಲ್ಲ' ಎಂದು ಗುಂಪಿನಲ್ಲಿದ್ದ ಶಾಲೆಯ ಮೇಷ್ಟ್ರು ಬರೆದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಇವತ್ತೇ ಹೇಳಿಬಿಡಿ" ಎಂದರು ಹೆಂಡತಿ.

"ನಾಳೆ ಹೇಳ್ತೀನಿ. ಇವತ್ತು ಎಲ್ಲರೂ ಖುಷಿಯಾಗಿದಾರೆ."

ನಾಳೆಯಾದಾಗ ಗುಂಪಿನವರು ಇನ್ನೊಂದು ಹೂವು ಕೇಳಿದರು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ, ಇಲ್ಲಿ ಒಂದು ಸುಳ್ಳಿಗೆ ಒಂದು ಪಾತಿಯೇ ಆಯಿತು. ಬೈಯುತ್ತ ಬೈಯುತ್ತಲೇ ಟೇಲರಮ್ಮ ಎಸಳುಗಳಿಗೆ ಗಂಜಿ ಹಾಕಿ ಒಣಗಿಸಿಕೊಡುವುದನ್ನು ಕಲಿತರು. ಯಾವ ತಿಂಗಳಿಗೆ ಯಾವ ಹೂವು ಎಂಬ ಲೆಕ್ಕ ಅವರದೇ. ಒಮ್ಮೆ ಟೇಲರ್ ಸೆಕೆಗಾಲದಲ್ಲಿ ಸೇವಂತಿಗೆ ಹೊಲಿಯಲು ಕೂತಾಗ, "ನಿಮಗೆ ಬುದ್ಧಿ ಇದೆಯಾ, ಈಗ ಬಿಡುತ್ತಾ ಅದು?" ಎಂದು ಕತ್ತರಿ ಕಸಿದುಕೊಂಡಿದ್ದರು.

ಆಗಾಗ ಟೇಲರ್ ಎಲೆಗೆ ಕಾದ ಸೂಜಿಯಿಂದ ತೂತು ಕೊರೆದು, 'ಹುಳ ಬಿದ್ದಿದೆ, ಏನು ಮಾಡಲಿ?' ಎಂದು ಕೇಳುತ್ತಿದ್ದರು. ಸಲಹೆಗಳು ಮಧ್ಯಾಹ್ನದವರೆಗೆ ಬಂದು ಬೀಳುತ್ತಿದ್ದವು. ಕೆಲವರು ಮನೆಗೇ ಬಂದು ಕೂತು ವಿವರಿಸಿ ಹೋಗುತ್ತಿದ್ದರು. ಟೇಲರ್ ತಲೆಯಾಡಿಸುತ್ತ ಪ್ರತಿ ಮಾತನ್ನೂ ಕೇಳುತ್ತಿದ್ದರು. ನಲವತ್ತು ವರ್ಷ ಜನ ಅವರ ಮುಂದೆ ಕೈ ಅಗಲಿಸಿ ನಿಂತು ಅಳತೆ ಕೊಟ್ಟು ಹೋಗಿದ್ದರೇ ಹೊರತು ಕೂತು ಮಾತಾಡಿದವರು ಕಡಿಮೆ. ಅದು ಹೆಂಡತಿಗೆ ಗೊತ್ತಿತ್ತು. ಗಂಜಿ ಹಾಕಿಕೊಟ್ಟದ್ದು ಅದಕ್ಕೇ.

"ಯಾವಾಗ ಹೇಳ್ತೀರಿ?" ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದರು.

"ನಾನು ಸತ್ತ ಮೇಲೆ ನೀನೇ ಹೇಳು. ಆಗ ನನಗೆ ನಾಚಿಕೆ ಆಗಲ್ಲ."

*

ಆದರೆ ಈಗ ನಾಚಿಕೆ ಟೇಲರಮ್ಮನ ಪಾಲಿಗೆ ಬಂದಿತ್ತು. ಏಳು ವರ್ಷ ಊರಿಗೆ ಟೋಪಿ ಹಾಕಿದವನು ಎಂದು ಜನ ನಗುತ್ತಿರುವಾಗ ಗಂಡನ ಹೆಣ ಮನೆ ದಾಟಬಾರದು. ನಾಳೆ ಬೇಕಾದರೆ ನಗಲಿ, ತಾವೇ ಎದುರಿಗೆ ಕೂತು ನಗಿಸುತ್ತಾರೆ. ಇವತ್ತು ಹನ್ನೊಂದರವರೆಗೆ ಬಾಗಿಲು ಮುಚ್ಚಿದ್ದರೆ ಸಾಕು.

ಹತ್ತಕ್ಕೆ ಟೇಲರ ಸೋದರಮಾವ ಬಂದರು. ತೊಂಬತ್ತು ದಾಟಿದವರು, ನಿಲ್ಲಲಾರರು. "ಒಂದು ಕುರ್ಚಿ ಕೊಡ್ರಮ್ಮ" ಎಂದು ಯಾರೋ ಮೇಲಿನ ಕುರ್ಚಿ ಎತ್ತಿಕೊಂಡು ಹೋದರು. ಅವರ ಹಿಂದೆಯೇ ಅವರ ಹೆಂಡತಿ. ಎರಡನೆಯದೂ ಹೋಯಿತು. ಮೂರನೆಯದನ್ನು ಟೇಲರಮ್ಮ ಕೈಯಲ್ಲಿ ಒತ್ತಿ ಹಿಡಿದಿದ್ದರು. "ಪಾಪ, ಇವರೇ ನಿಂತಿದಾರಲ್ಲ" ಎಂದು ನರ್ಸಕ್ಕ ಅದನ್ನು ಎಳೆದು ಹಾಕಿ, ಅವರನ್ನೇ ಅದರಲ್ಲಿ ಕೂರಿಸಿ, ನಾಡಿ ನೋಡಿದರು. ಇಸ್ತ್ರಿಪೆಟ್ಟಿಗೆಯನ್ನು ಮಗಳೇ ತೆಗೆದಳು, ಟೇಲರಿಗೆ ಉಡಿಸುವ ಬಿಳಿ ಅಂಗಿ ಮುದುಡಿದೆಯೆಂದು.

ಉಳಿದದ್ದು ಯಂತ್ರ ಮಾತ್ರ. ಅಷ್ಟರಲ್ಲಿ ಪ್ಯಾಂಟಿನವನು ಧೈರ್ಯ ಮಾಡಿ ಒಳಗೆ ಬಂದ.

"ತಪ್ಪು ತಿಳ್ಕೊಬೇಡಿ ಅಮ್ಮ. ನಾಳೆ ಕೆಲಸಕ್ಕೆ ಸಂದರ್ಶನ ಇದೆ. ನನಗಿರೋದು ಅದೊಂದೇ ಒಳ್ಳೆ ಪ್ಯಾಂಟು."

"ಇರಪ್ಪ, ಇನ್ನೊಂದು ಕಾಲು ನಾನೇ ಕೈಯಲ್ಲಿ ಹೊಲಿದುಕೊಡ್ತೀನಿ" ಎಂದು ಟೇಲರಮ್ಮ ಸೂಜಿಗೆ ದಾರ ಪೋಣಿಸಿ ಎದೆಯ ಬಳಿ ಸೆರಗಿಗೆ ಚುಚ್ಚಿಕೊಂಡು ಏಳುವಷ್ಟರಲ್ಲಿ ಅವನು ಪ್ಯಾಂಟನ್ನು ಹಿಡಿದು ಎಳೆದೇಬಿಟ್ಟ. ಸೂಜಿಗೆ ಸಿಕ್ಕಿದ್ದ ಪ್ಯಾಂಟಿನ ಜೊತೆ ಯಂತ್ರವೂ ಚಕ್ರದ ಮೇಲೆ ಉರುಳಿ ಬಂತು. ಹಿತ್ತಿಲ ಬಾಗಿಲು ಎಲ್ಲರಿಗೂ ಕಂಡಿತು.

"ಔಷಧಿ ವಾಸನೆಗೆ ನೀವ್ಯಾರೂ ಬರಬೇಡಿ" ಎಂದು ಮೇಷ್ಟ್ರು ಮುಂದೆ ಬಂದರು. "ನನಗೆ ನಾಲ್ಕು ದಿನದಿಂದ ಮೂಗೇ ಕಟ್ಟಿದೆ. ನಾನೊಬ್ಬನೇ ಹೋಗಿ ಒಳ್ಳೆಯವನ್ನ ಆರಿಸಿ ಬರ್ತೀನಿ. ಆ ಗೀರು ಹೂವಿದೆಯಲ್ಲ, ಅದು ಅವರ ಎದೆ ಮೇಲೇ ಇರಬೇಕು."

ಟೇಲರಮ್ಮ ಅವರ ಅಂಗಿಯನ್ನು ಆಗ ನೋಡಿದರು. ತಿಳಿ ನೀಲಿ, ತೆಳ್ಳಗಿನ ಬಿಳಿ ಗೀರು. ಜೇಬಿಲ್ಲ.

*

ಎರಡು ವರ್ಷದ ಹಿಂದೆ ಮೇಷ್ಟ್ರು ಆ ಬಟ್ಟೆ ತಂದುಕೊಟ್ಟಿದ್ದರು. ಅಂಗಿ ಜೇಬಿಲ್ಲದೆ ಸಿದ್ಧವಾಯಿತು.

"ಜೇಬಿಗೆ ಬಟ್ಟೆ ಸಾಲಲಿಲ್ಲ ಮೇಷ್ಟ್ರೇ."

"ಎರಡೂವರೆ ಮೀಟರ್ ಕೊಟ್ಟಿದ್ದೆನಲ್ಲ?"

"ನಿಮ್ಮ ಎದೆ ಅಗಲ ನೋಡಿ."

ಮೇಷ್ಟ್ರು ಎದೆ ಇನ್ನಷ್ಟು ಅಗಲ ಮಾಡಿಕೊಂಡು ಹೋದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ, ಇನ್ನು ಟೇಲರ್ ಮೇಷ್ಟ್ರ ಬಟ್ಟೆಯನ್ನು ಬಿಟ್ಟಾರೆಯೇ? ಮುಂದಿನ ತಿಂಗಳು ಗುಂಪಿನಲ್ಲಿ ಬಿಳಿ ಗೀರಿನ ತಿಳಿ ನೀಲಿ ಹೂವು ಅರಳಿತು. ಮೇಷ್ಟ್ರಿಗೆ ನಿದ್ದೆ ಹಾರಿಹೋಯಿತು. ಆ ವರ್ಷದ ಹೂಗಳ ಪ್ರದರ್ಶನದಲ್ಲಿ ಅದು ಎರಡು ತಳಿಗಳು ಬೆರೆತು ಹುಟ್ಟಿದ ಅಪರೂಪದ ಹೂವೆಂದು ಅರ್ಧ ಗಂಟೆ ಭಾಷಣ ಮಾಡಿದರು, ಅದೇ ಅಂಗಿ ತೊಟ್ಟುಕೊಂಡು. ದಪ್ಪ ಕನ್ನಡಕದ ಮೇಷ್ಟ್ರಿಗೆ ತಮ್ಮ ಮೈಮೇಲಿನದು ಕಾಣಲಿಲ್ಲ, ಕೇಳುವವರಿಗೆ ಭಾಷಣ ಮುಗಿದರೆ ಸಾಕಾಗಿತ್ತು. ನಾಲ್ಕು ಸಲ ನೆಡಲು ಕಡ್ಡಿ ಕೇಳಿದರು. ಟೇಲರ್ ನಾಲ್ಕು ಸಲವೂ ಯಾವುದೋ ಕಡ್ಡಿ ಕೊಟ್ಟರು. ನಾಲ್ಕೂ ಒಣಗಿದಾಗ ಮೇಷ್ಟ್ರು ತಮ್ಮ ಮಣ್ಣನ್ನೇ ದೂರಿ, ಇಡೀ ಪಾತಿ ಅಗೆದು, ಎರಡು ಗಾಡಿ ಹೊಸ ಮಣ್ಣು ಹಾಕಿಸಿದ್ದರು.

*

ಟೇಲರಮ್ಮ ಹಿತ್ತಿಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಗೀರು ಹೂವಿನ ಮುಂದೆ ಬಗ್ಗಿದ್ದರು. ಕನ್ನಡಕ ಹಣೆಗೇರಿತ್ತು. ಎಸಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ತಿರುಗಿಸಿ ನೋಡಿದರು. ಹಿಂದುಗಡೆ ಸಣ್ಣ ಹೊಲಿಗೆ. ಆಮೇಲೆ ತಮ್ಮ ಅಂಗಿಯ ತೋಳನ್ನು ಅದರ ಪಕ್ಕಕ್ಕೆ ತಂದು ಹಿಡಿದರು.

"ಮೇಷ್ಟ್ರೇ, ಬೈಯೋದಿದ್ರೆ ನನಗೆ ಬೈಯ್ರಿ" ಎಂದರು ಟೇಲರಮ್ಮ. "ಗಂಜಿ ಹಾಕಿದ್ದು ನಾನು. ವ್ಯಾನ್ ಹೋಗೋವರೆಗೆ ತಡ್ಕೊಳ್ಳಿ, ಅಷ್ಟೇ ಕೇಳೋದು. ಆಮೇಲೆ ಎಲ್ಲರಿಗೂ ನಾನೇ ಹೇಳ್ತೀನಿ."

"ಅರ್ಧ ಗಂಟೆ ಭಾಷಣ ಮಾಡಿದ್ದೆ" ಎಂದರು ಮೇಷ್ಟ್ರು.

"ಗೊತ್ತು. ಅವತ್ತು ಅವರು ಊಟ ಮಾಡಲಿಲ್ಲ."

"ಮಣ್ಣು ಬದಲಾಯಿಸಿದೆ. ಎರಡು ಗಾಡಿ."

"ಅದಕ್ಕೇ ನಿಮ್ಮ ಗುಲಾಬಿ ಅಷ್ಟು ಚೆನ್ನಾಗಿ ಬಂತು ಅಂತ ಅವರು ಹೇಳ್ತಿದ್ರು."

ಅದು ನಿಜವಾಗಿತ್ತು. ಹೊಸ ಮಣ್ಣಿನಲ್ಲಿ ಮೇಷ್ಟ್ರ ಗುಲಾಬಿ ಹಿಂದೆಂದೂ ಇಲ್ಲದಷ್ಟು ಬಿಟ್ಟಿತ್ತು. ಅದರ ಫೋಟೋಗೆ ಎಲ್ಲರಿಗಿಂತ ಮೊದಲು 'ಭಲೇ ಮೇಷ್ಟ್ರೇ' ಎಂದು ಬರೆಯುತ್ತಿದ್ದವರು ಟೇಲರ್. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಮುಖ ಕೆಂಪಾಗಿತ್ತು. ಸಿಟ್ಟೋ ಅಳುವೋ ಅವರಿಗೇ ತಿಳಿಯುವಂತಿರಲಿಲ್ಲ.

"ಏನ್ ಮೇಷ್ಟ್ರೇ, ಒಬ್ಬರೇ ಎಷ್ಟು ಹೊತ್ತು?" ಬಾಗಿಲಲ್ಲಿ ನರ್ಸಕ್ಕ ಕತ್ತರಿ ಹಿಡಿದು ನಿಂತಿದ್ದರು. ಅವರ ಭುಜದ ಮೇಲಿಂದ ಹತ್ತು ತಲೆಗಳು ಇಣುಕುತ್ತಿದ್ದವು. "ವಾಸನೆ ಏನೂ ಇಲ್ಲವಲ್ಲ. ನಾವೂ ಬರ್ತೀವಿ."

ಟೇಲರಮ್ಮ ಕಣ್ಣು ಮುಚ್ಚಿಕೊಂಡರು.

ಕೊಳಾಯಿ ಬಿಡುವ ಸದ್ದು ಕೇಳಿತು. ಕಣ್ಣು ತೆರೆದಾಗ ಮೇಷ್ಟ್ರು ಬಕೆಟ್ಟಿನಿಂದ ಮಗ್ಗಿನಲ್ಲಿ ನೀರು ಎತ್ತಿ, ಬಟ್ಟೆಯ ದಾಸವಾಳದ ಬುಡಕ್ಕೆ ಹಾಕುತ್ತಿದ್ದರು. ನಿಧಾನವಾಗಿ, ಬೇರಿಗೆ ಇಳಿಯುವ ಹಾಗೆ.

"ಬಂದೀರಿ ಜೋಕೆ" ಎಂದರು, ತಿರುಗಿ ನೋಡದೆ. ತರಗತಿಯಲ್ಲಿ ಮೂವತ್ತು ವರ್ಷ ಪಳಗಿದ ದನಿ. "ನಿನ್ನೆಯಿಂದ ಯಾರೂ ನೀರು ಹಾಕಿಲ್ಲ, ಗಿಡ ಎಲ್ಲ ಸೊರಗಿವೆ. ಇವನ್ನ ಕೀಳೋ ಹಾಗಿಲ್ಲ. ನಿಮ್ಮ ನಿಮ್ಮ ಮನೆಗೆ ಹೋಗಿ, ನಿಮ್ಮ ಪಾತಿಯಲ್ಲಿ ಇವತ್ತು ಏನು ಬಿಟ್ಟಿದೆಯೋ ಅದನ್ನ ತನ್ನಿ. ಏಳು ವರ್ಷ ಅವರೇ ಎಲ್ಲ ನೋಡಿ ಹೊಗಳಿದಾರೆ. ಕೊನೆ ಸಲ ತೋರಿಸಿ."

"ನಿಮ್ಮದು?" ಎಂದರು ನರ್ಸಕ್ಕ, ಬಿಟ್ಟುಕೊಡದೆ.

"ನನ್ನ ಗುಲಾಬಿ ಪೂರ್ತಿ ಕತ್ತರಿಸಿಕೊಂಡು ಬನ್ನಿ. ಗೇಟು ತೆಗೆದೇ ಇದೆ."

ಚಪ್ಪಲಿಗಳ ಸದ್ದು ಬೀದಿಗೆ ಇಳಿದು ದಿಕ್ಕುದಿಕ್ಕಿಗೆ ಹೋಯಿತು. ಮೇಷ್ಟ್ರು ಮಗ್ಗು ಕೆಳಗಿಡಲಿಲ್ಲ. ಸೇವಂತಿಗೆಗೆ ಹಾಕಿದರು, ಡೇರೆಗೆ ಹಾಕಿದರು. ಗೀರು ಹೂವಿನ ಹತ್ತಿರ ಬಂದಾಗ ಮಗ್ಗು ಹೆಚ್ಚು ವಾಲಿ ನೀರು ಎಸಳ ಮೇಲೇ ಬಿತ್ತು. ಗಂಜಿ ಕರಗಿ ಹೂವು ಮೆಲ್ಲಗೆ ತಲೆ ಬಗ್ಗಿಸಿತು. ನೀಲಿ ಬಣ್ಣ ಇಳಿದು ಮೇಷ್ಟ್ರ ಪಾದದ ಮೇಲೆ ಹರಿಯಿತು.

ಅವರು ಗೋಡೆಯ ಮೂಲೆಯಿಂದ ಒಂದು ಕೋಲು ತಂದು ಹೂವಿನ ಪಕ್ಕದಲ್ಲಿ ನೆಟ್ಟರು. ಬಾಗಿದ ಹೂವನ್ನು ಎತ್ತಿ ಕೋಲಿಗೆ ಒರಗಿಸಿ ಹಿಡಿದು, ಇನ್ನೊಂದು ಕೈಯನ್ನು ಸುಮ್ಮನೆ ಹಿಂದಕ್ಕೆ ಚಾಚಿದರು. ಟೇಲರಮ್ಮ ಎದೆಯ ಬಳಿಯ ಸೂಜಿಯಿಂದ ದಾರ ಎಳೆದು, ಹಲ್ಲಲ್ಲಿ ಕಡಿದು, ಆ ಕೈಗೆ ಕೊಟ್ಟರು.