ಬರಿಗೊರಳ ಸೀಸೆಗಳು

ಮೋಡ ಕವಿದ ಬೆಳಗು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಜಗಲಿಯ ಮೇಲೆ ಕೂರಿಸಿದ್ದ ಗುರುಸಂಗಪ್ಪನ ದೇಹದ ಮುಂದೆ ಹಾಕಿದ ಲೋಬಾನದ ಹೊಗೆ ಮೇಲೇರದೆ ಅಂಗಳದಲ್ಲೇ ನಿಂತುಬಿಟ್ಟಿತ್ತು. ಆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅರುಣಕುಮಾರ ಹೆಣ ಹೊರುವ ವಿಮಾನದ ಬಿದಿರಿಗೆ ಚೆಂಡುಹೂ ಕಟ್ಟುತ್ತಿದ್ದ. ಸತ್ತವನು ಅವನ ಸೋದರಮಾವ. ನಲವತ್ತು ವರ್ಷ ಕೊಟ್ಟೂರಿನ ಈ ಮನೆಯ ಹಿತ್ತಲಲ್ಲಿ ಧೂಪ ಕುಟ್ಟಿದವನು. ಸುತ್ತಲಿನ ಎಷ್ಟೋ ಊರುಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ದೇವರ ಮನೆಯಿಂದ ಬರುತ್ತಿದ್ದುದು ಅವನ ಕೈಯ ವಾಸನೆಯೇ.

“ಇದು ಅಂಗಡಿ ಧೂಪ. ಗುರುಸಂಗಪ್ಪಂದು ಇಷ್ಟು ಕಣ್ಣು ಉರಸ್ತಿದ್ದಿಲ್ಲ,” ಅಂದ ನೆರೆಮನೆಯ ಕೊಟ್ರಬಸಪ್ಪ.

“ಅವ ಕುಟ್ಟಾದು ಬಿಟ್ಟು ವರ್ಷ ಆತಲ್ರಿ,” ಅಂದರು ಹೈಸ್ಕೂಲಿನ ಗುರುಮೂರ್ತಿ ಮಾಸ್ತರರು. “ಕಡಿಕಡಿಗೆ ಮೂಗು ಕೈ ಕೊಡ್ತು, ಪಾಪ. ಅಡಗಿ ಮನ್ಯಾಗ ಕುದುರಿ ಲದ್ದಿ ನಾರಿಸಿದ್ನಲ್ಲ. ನಮ್ಮ ಹುಡುಗ್ರು ಇನ್ನೂ ನಗ್ತಾವ.”

ಸಾವಿನ ಮನೆಯೆಂಬುದನ್ನು ಮರೆತು ಒಂದಿಬ್ಬರು ನಕ್ಕರು. ಅರುಣ ತಲೆ ಎತ್ತಲಿಲ್ಲ. ಕಟ್ಟಿದ ಹೂವನ್ನೇ ಬಿಚ್ಚಿ ಮತ್ತೆ ಕಟ್ಟಿದ.

*

ಹೋದ ವರ್ಷ ಅರುಣ ಹಗರಿಬೊಮ್ಮನಹಳ್ಳಿಯಲ್ಲಿ ಕೋಣೆಯೊಂದನ್ನು ಬಾಡಿಗೆ ಹಿಡಿದು ವಿ.ಆರ್. ಪ್ರದರ್ಶನ ಇಟ್ಟಿದ್ದ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಗುಡೇಕೋಟೆಯ ಕೋಟೆ ಹಿಂದೆ ಇದ್ದ ಹಾಗೇ ಸುತ್ತಲೂ ಎದ್ದು ನಿಲ್ಲುತ್ತಿತ್ತು. ಆದರೂ ಬಂದವರು ‘ಟಿವಿ ಇದ್ದಂಗೈತಿ ಬಿಡಪಾ’ ಅಂದು ಹೋಗುತ್ತಿದ್ದರು. ವಾಸನೆಯಿಲ್ಲದ ಊರನ್ನು ಊರೆಂದು ಯಾರು ನಂಬುತ್ತಾರೆ? ದೃಶ್ಯ ಬದಲಾದಂತೆ ಒಂದೊಂದು ಸೀಸೆಯ ಮೇಲೆ ಪುಟ್ಟ ಫ್ಯಾನು ತಿರುಗುವ ಪೆಟ್ಟಿಗೆ ಮಾಡಿಸಿ, ಅರುಣ ಮಾವನ ಬಳಿ ಬಂದ.

“ಕುದುರಿ ಲಾಯ ಬೇಕು, ಮಾವ. ಅಡಗಿ ಮನಿ ಬೇಕು. ಮಳಿ ಬಿದ್ದ ಮಣ್ಣು ಬೇಕು.”

“ನಲವತ್ತು ವರ್ಷದಾಗ ಲದ್ದಿ ವಾಸನಿ ಮಾಡಿಕೊಡು ಅಂತ ಬಂದಾವ ನೀನೊಬ್ಬನ ನೋಡಲೇ,” ಎಂದು ಗುರುಸಂಗಪ್ಪ ಹೊಟ್ಟೆ ಹಿಡಿದು ನಕ್ಕಿದ್ದ.

ತಿಂಗಳೊಪ್ಪತ್ತಿನಲ್ಲಿ ಆರು ಸೀಸೆ ಬಂದವು. ಪ್ರತಿಯೊಂದರ ಕೊರಳಿಗೂ ಬಿಳಿಯ ದಾರ. ದಾರ ಅಡ್ಡ ಬಂದು ಸೀಸೆ ಪೆಟ್ಟಿಗೆಯ ತೂತಿನಲ್ಲಿ ಕೂರಲಿಲ್ಲ. ವಾಸನೆ ಸೇರಿಸಿದ ಮೊದಲ ದಿನದ ಗಡಿಬಿಡಿ. ಅರುಣ ಬ್ಲೇಡಿನಿಂದ ದಾರ ಕೊಯ್ದು ಒಗೆದ. ಮಾವ ಬಂದಾಗ “ಯಾವುದು ಎಲ್ಲಿಗೆ?” ಎಂದ. ಗುರುಸಂಗಪ್ಪ ಆ ಬರಿಗೊರಳ ಸೀಸೆಗಳನ್ನು ಬಹಳ ಹೊತ್ತು ನೋಡುತ್ತ ನಿಂತ. ಆಮೇಲೆ ಒಂದೊಂದನ್ನೇ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಜೋಡಿಸಿದ. ಮಾವ ಮೂಸಿದ ಮೇಲೆ ತಾನೂ ಮೂಸುವುದು ಅಧಿಕಪ್ರಸಂಗವೆಂದು ಅರುಣ ಸುಮ್ಮನಿದ್ದ.

ಅವತ್ತು ಮೊದಲು ನೋಡಲು ಬಂದವರು ಗುರುಮೂರ್ತಿ ಮಾಸ್ತರರು ಕರೆತಂದ ಹೈಸ್ಕೂಲಿನ ಮಕ್ಕಳು. ಕೋಟೆಯ ಒಲೆಯ ಮೇಲೆ ಅನ್ನ ಕುದಿಯುವಾಗ ಲದ್ದಿಯ ವಾಸನೆ ಬಂತು. ಮಕ್ಕಳು ಮೂಗು ಮುಚ್ಚಿ ಕಿರುಚಿದರು. ಅರುಣನಿಗೆ ಮೈಯುರಿದುಹೋಯಿತು.

“ಮೂಗು ಮನ್ಯಾಗ ಬಿಟ್ಟು ಬಂದಿಯೇನು, ಮಾವ?”

ಎಲ್ಲರೂ ನಕ್ಕರು. ಗುರುಸಂಗಪ್ಪನೂ ನಕ್ಕು, ಕೈಮುಗಿದು, ಕೊಟ್ಟೂರಿನ ಬಸ್ಸು ಹತ್ತಿದ.

ಮರುದಿನ ಸೀಸೆಗಳನ್ನು ಅದಲುಬದಲು ಮಾಡಿದಾಗ ಎಲ್ಲವೂ ಸರಿಹೋಯಿತು. ಅನ್ನ ಕುದಿಯುವ ಹೊತ್ತಿಗೆ, ಹೆಡ್‌ಸೆಟ್ ಹಾಕಿಕೊಂಡಿದ್ದ ಅಜ್ಜಿಯೊಬ್ಬಳು ಕೈ ಚಾಚಿ ತಟ್ಟೆಗಾಗಿ ತಡಕಾಡಿದಳು. ಇದನ್ನು ಮಾವನಿಗೆ ಹೇಳಬೇಕು ಎಂದು ಅರುಣ ಎಷ್ಟೋ ಸಲ ಅಂದುಕೊಂಡ. ನಾಳೆ ಹೋದರಾಯಿತು ಅಂದುಕೊಂಡ. ಅಷ್ಟರೊಳಗೆ ಆ ನಗೆ ಕೊಟ್ಟೂರಿಗೂ ಬಂದು, ಧೂಪ ಒಯ್ಯುತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಆ ಓಣಿಗೆ ಕಾಲಿಡುವುದನ್ನೇ ಬಿಟ್ಟಿದ್ದರು.

*

“ಅರುಣ, ಒಳಗ ಬಾರಪ್ಪ.”

ಅತ್ತೆ ಶಿವಬಸಮ್ಮ ವಿಭೂತಿ ಗಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಮಾಸ್ತರರ ಮಾತು ಅವಳ ಕಿವಿಗೂ ಬಿದ್ದಿತ್ತು.

“ಅವರಿಗೆ ಮೂಗು ಇದ್ದಿಲ್ಲಪ್ಪ,” ಅಂದಳು ಮೆಲ್ಲಗೆ. “ಕೊರೊನಾ ಬಂದು ಹೋತಲ್ಲ, ಅವತ್ತಿನಿಂದ ಯಾವ ವಾಸನಿನೂ ತಿಳಿತಿದ್ದಿಲ್ಲ. ಅವರು ತೂಕ ಹಾಕಾರು, ನಾ ಮೂಸಿ ಹೇಳಾಕಿ. ಹೊರಗ ಗೊತ್ತಾದ್ರ ಧೂಪ ಯಾರು ತಗೊಂತಾರ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಿದ್ರು.”

ಅರುಣ ಬುಟ್ಟಿಯ ಪಕ್ಕ ಕುಕ್ಕರಿಸಿದ. “ಮತ್ತ ಆ ಸೀಸೆ, ಅತ್ತಿ?”

“ದಾರಕ್ಕ ಗಂಟು ಹಾಕಿ ಕೊಟ್ಟಿದ್ದೆ. ಮಣ್ಣಿಗೆ ಒಂದು ಗಂಟು, ಲಾಯಕ್ಕ ಎರಡು, ಅಡಗಿಗೆ ಮೂರು, ಹಿಂಗ ಆರರ ತನಕ. ಎಣಿಸಾಕ ಬರೋ ಮನುಷ್ಯ ಹೆಂಗ ತಪ್ಪಿದ್ರೋ. ಕೇಳಿದ್ರ ಬಾಯಿ ಬಿಡಲಿಲ್ಲ. ನೀನೂ ಯಾರಿಗೂ ಹೇಳಬ್ಯಾಡ.”

ಮಾವ ತನ್ನ ಹೆಂಡತಿಗೂ ದಾರ ಕೊಯ್ದ ಅಳಿಯನ ಹೆಸರು ಹೇಳಿರಲಿಲ್ಲ. ಅರುಣ ಏನೋ ಹೇಳಲು ಹೋದ. ಹೊರಗೆ ವಿಮಾನ ಎತ್ತಲು ಕರೆದರು.

*

ಹೊಲದ ಬದುವಿನ ಪಕ್ಕ ತೋಡಿದ ಕುಣಿಯಲ್ಲಿ ಗುರುಸಂಗಪ್ಪನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಅಯ್ಯನವರ ಮಂತ್ರ ಮುಗಿಯಿತು. ಜನ ಬುಟ್ಟಿಯಿಂದ ಒಂದೊಂದು ಹಿಡಿ ಬಿಲ್ವಪತ್ರೆ ತೆಗೆದು ಮೇಲಿನಿಂದಲೇ ಹಾಕಿ ಹಿಂದೆ ಸರಿಯುತ್ತಿದ್ದರು. ಅರುಣ ಪತ್ರೆ ಹಿಡಿದು ಗುರುಮೂರ್ತಿ ಮಾಸ್ತರರ ಪಕ್ಕ ನಿಂತ.

“ಸರ್, ಅವತ್ತು ಮಾವ ಗುರುತಿಗೆ ದಾರ ಕಟ್ಟಿ ಕೊಟ್ಟಿದ್ದ. ಕೊಯ್ದು ಒಗದಾವ ನಾನು. ಸೀಸೆ ಅದಲುಬದಲು ಇಟ್ಟಾವನೂ ನಾನು. ಅವ ಮಾಡಿದ್ರಾಗ ಒಂದು ಹನಿ ತಪ್ಪಿದ್ದಿಲ್ಲ.”

ಅದರಲ್ಲೊಂದು ಸುಳ್ಳಿತ್ತು. ಅದು ಅತ್ತೆಯ ಆಣೆಗಾಗಿ ಆಡಿದ್ದು. ಅವನ ದನಿ ಸಣ್ಣದಾಗಿತ್ತು, ಆದರೆ ಗಾಳಿಯಿಲ್ಲದ ಹೊಲದಲ್ಲಿ ಎಲ್ಲರಿಗೂ ಕೇಳಿಸಿತು. ಶಿವಬಸಮ್ಮ ಅವನನ್ನೇ ನೋಡಿದಳು.

“ಇದನ್ನ ಅವ ಇದ್ದಾಗ ಹೇಳಬೇಕಿತ್ತಲೇ,” ಅಂದ ಕೊಟ್ರಬಸಪ್ಪ.

“ಹೌದ್ರಿ,” ಅಂದ ಅರುಣ.

ಮಾಸ್ತರರು ಪತ್ರೆಯನ್ನು ಮೇಲಿನಿಂದ ಹಾಕದೆ, ಮೊಣಕಾಲೂರಿ, ಕುಣಿಯೊಳಕ್ಕೆ ಬಾಗಿ ಗುರುಸಂಗಪ್ಪನ ತೊಡೆಯ ಮೇಲಿಟ್ಟು, ಕೂತವನಿಗಷ್ಟೇ ಕೇಳುವಂತೆ ಏನೋ ಹೇಳಿದರು. ಅವರು ಎದ್ದ ಮೇಲೆ, ಆಗಲೇ ಪತ್ರೆ ಹಾಕಿ ಹಿಂದೆ ಸರಿದಿದ್ದವರು ಒಬ್ಬೊಬ್ಬರೇ ಮುಂದೆ ಬಂದು ಮತ್ತೊಮ್ಮೆ ಬುಟ್ಟಿಗೆ ಕೈ ಹಾಕಿದರು.